ಹಳೇ ಜೀಪಿನ ಹುಚ್ಚು: ಬಂಪರು ಆಮೇಲೆ, ಬ್ರೇಕು ಮೊದಲು!

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲೂಕುಗಳಲ್ಲಿ ತೋಟದ ಮನೆಗಳ ಹಿತ್ತಿಲ ಕಡೆ ಸುಮ್ಮನೆ ಒಂದು ಸುತ್ತು ಹಾಕಿ ಬನ್ನಿ. ಹತ್ತು ಮನೆ ನೋಡುವಷ್ಟರಲ್ಲಿ ಒಂದಾದರೂ ಹಳೇ ಜೀಪು ಕಣ್ಣಿಗೆ ಬಿದ್ದೇ ಬೀಳುತ್ತದೆ. ಟಾಪು ಹರಿದು ಹೋಗಿರುತ್ತದೆ. ಸೀಟಿನ ಮೇಲೆ ಗೊಬ್ಬರದ ಚೀಲ, ಬಾನೆಟ್ಟಿನ ಮೇಲೆ ಕಾಳುಮೆಣಸು, ಸ್ಟೇರಿಂಗಿನ ಮೇಲೆ ಕೋಳಿ. "ಯಜಮಾನ್ರೇ, ಇದನ್ನ ಗುಜರಿಗೆ ಹಾಕಬಾರದಾ?" ಅಂತ ಕೇಳಿ ನೋಡಿ. ಮಗಳ ಮದುವೆ ಮುರಿಯುವ ಮಾತಾಡಿದವರ ಹಾಗೆ ನಿಮ್ಮನ್ನ ನೋಡುತ್ತಾರೆ.

ಈಗ ಆ ಜೀಪುಗಳಿಗೆ ಮತ್ತೆ ಶುಕ್ರದೆಸೆ. ಬೆಳೆಗಾರರ ಮಕ್ಕಳು, ಬ್ಯಾಂಕಿನವರು, ಮೇಷ್ಟ್ರುಗಳು, ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಿಂದ ಶನಿವಾರ ಓಡಿ ಬರುವ ಹುಡುಗರು, ಇವರೆಲ್ಲ ಕೋಳಿಯನ್ನ ಓಡಿಸಿ ಜೀಪನ್ನ ಶೆಡ್ಡಿಗೆ ಎಳೆದು ತರುತ್ತಿದ್ದಾರೆ. ಭಾನುವಾರ ಪೂರ್ತಿ ಸ್ಪ್ಯಾನರ್ ಹಿಡಿದು ಗಾಡಿ ಕೆಳಗೆ ಮಲಗುತ್ತಾರೆ. ಇದು ಹೊಟ್ಟೆಪಾಡಲ್ಲ, ಹವ್ಯಾಸ. ಕೆಲವರಿಗೆ ಹುಚ್ಚು ಅಂದರೂ ಬೇಜಾರಿಲ್ಲ. ಕುಡಿತ, ಇಸ್ಪೀಟಿಗಿಂತ ಸಾವಿರ ಪಾಲು ವಾಸಿಯಾದ ಹುಚ್ಚು.

ಆದರೆ ಈ ಹುಚ್ಚಿನಲ್ಲಿ ಎರಡು ಜಾತಿ ಇದೆ. ಒಂದು, ಗಾಡಿಯನ್ನ ಬಿಚ್ಚಿ, ತಿಳಿದುಕೊಂಡು, ಸರಿ ಮಾಡುವ ಜಾತಿ. ಇನ್ನೊಂದು, ದೊಡ್ಡ ಟಯರು, ದೊಡ್ಡ ಬಂಪರು, ದೊಡ್ಡ ಹಾರ್ನು ಹಾಕಿ ಪೇಟೆಯಲ್ಲಿ ಮೆರೆಯುವ ಜಾತಿ. ಮೊದಲನೆಯವರು ಶೆಡ್ಡಿನಲ್ಲಿ ಇರುತ್ತಾರೆ, ಕಣ್ಣಿಗೆ ಬೀಳುವುದಿಲ್ಲ. ಎರಡನೆಯವರು ಎಂ.ಜಿ. ರಸ್ತೆಯಲ್ಲೇ ಸಿಗುತ್ತಾರೆ. ಕಾನೂನಿನ ಕಣ್ಣಿಗೆ ಮಾತ್ರ ಇಬ್ಬರೂ ಒಂದೇ! ಇಂದಿನ ಅಂಕಣದ ವಿಷಯ ಅದೇ.

ಯುದ್ಧದಿಂದ ತೋಟಕ್ಕೆ

ಜೀಪು ಹುಟ್ಟಿದ್ದು ಯುದ್ಧಕ್ಕೆ. 1940ರಲ್ಲಿ ಅಮೆರಿಕದ ಸೈನ್ಯ ನಾಲ್ಕೂ ಚಕ್ರ ಎಳೆಯುವ ಒಂದು ಪುಟ್ಟ ಗಾಡಿ ಬೇಕು ಎಂದಾಗ ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮೊದಲ ಗಾಡಿ ಮಾಡಿ ನಿಲ್ಲಿಸಿತು. ದೊಡ್ಡ ಆರ್ಡರು ಮಾತ್ರ ದೊಡ್ಡವರ ಪಾಲಾಯಿತು. ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವಷ್ಟರಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದವು. ಕಷ್ಟಪಟ್ಟವನು ಒಬ್ಬ, ಉಂಡವನು ಇನ್ನೊಬ್ಬ ಎನ್ನುವುದು ಅಮೆರಿಕದಲ್ಲೂ ಉಂಟು.

ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನ ಜೋಡಿಸಲು ಶುರು ಮಾಡಿತು. ಆಮೇಲೆ ಬಾನೆಟ್ಟು ಎತ್ತರವಿದ್ದ ಸಿಜೆ-3ಬಿ ಬಂತು. ಎಡಗಡೆ ಸ್ಟೇರಿಂಗಿನ ಆ ಜೀಪು ಹಳಬರಿಗೆಲ್ಲ ಗೊತ್ತು. ಹಳೇ ಎಂಜಿನ್ನಿಗಿಂತ ಹೊಸ ಎಂಜಿನ್ ಎತ್ತರವಾಗಿದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು, ಅಷ್ಟೇ ಅದರ ಗುಟ್ಟು. ಪೆಟ್ರೋಲ್ ತುಟ್ಟಿಯಾದ ಮೇಲೆ ಡೀಸೆಲ್ ಜೀಪು ಬಂದವು. 80ರ ದಶಕದಲ್ಲಿ ಪೂಜೋ ಡೀಸೆಲ್ ಎಂಜಿನ್ನಿನ ಎಂಎಂ-540 ಬಂತು. 1985ರ ಕೊನೆಗೆ ಮಾರುತಿಯವರ ಜಿಪ್ಸಿ ಬಂತು. ಸೈನ್ಯಕ್ಕೆಂದು ಜಬಲ್ಪುರದಲ್ಲಿ ತಯಾರಾದ ನಿಸ್ಸಾನ್ ಮೂಲದ ಜೋಂಗಾ ಗಾಡಿಗಳೂ ಹರಾಜಿನ ದಾರಿಯಲ್ಲಿ ಊರು ಸೇರಿದವು.

ಅಂದ ಹಾಗೆ, ಸ್ವತಂತ್ರ ಭಾರತದ ಮೊದಲ ಹಗರಣ ಎಂದು ಹೆಸರಾದದ್ದೂ ಜೀಪಿನದ್ದೇ! 1948ರಲ್ಲಿ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೈನ್ಯಕ್ಕೆ ಜೀಪು ಕೊಳ್ಳಲು 80 ಲಕ್ಷ ರೂಪಾಯಿ ಬಾಬ್ತಿನ ಕರಾರು ಮಾಡಿಕೊಂಡರು. ಬಂದಿಳಿದದ್ದು 155 ಗಾಡಿ. ಪಾರ್ಲಿಮೆಂಟಿನಲ್ಲಿ ಗದ್ದಲವೋ ಗದ್ದಲ. 1955ರಲ್ಲಿ ಸರ್ಕಾರ, ಪ್ರಕರಣ ಮುಗಿಯಿತು ಎಂದು ಕೈ ತೊಳೆದುಕೊಂಡಿತು. ಜೀಪಿಗೂ ಕಾಗದಪತ್ರಕ್ಕೂ ಅಂದಿನಿಂದಲೇ ಆಗಿಬರುವುದಿಲ್ಲವೋ ಏನೋ.

ಅದೇನೇ ಇರಲಿ, ಮಲೆನಾಡಿಗೆ ಜೀಪು ದೇವರು ಕೊಟ್ಟ ಹಾಗೆ ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು, ಹಳ್ಳ, ಜಾರು. ನವೆಂಬರ್ ಬಂದರೆ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಆಳು, ಅಕ್ಕಿ, ಗೊಬ್ಬರ, ಬಾಣಂತಿ, ಹೆಣ, ಓಟಿನ ಪೆಟ್ಟಿಗೆ, ಎಲ್ಲವನ್ನೂ ಹೊತ್ತದ್ದು ಈ ಗಾಡಿಯೇ.

ಮೂವತ್ತೇಳರ ಲೆಕ್ಕ

ಜೀಪಿಗೆ ಈ ಶಕ್ತಿ ಎಲ್ಲಿಂದ ಬಂತು? ಎಂಜಿನ್ನಿನಿಂದ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಯುದ್ಧಕಾಲದ ವಿಲ್ಲೀಸ್ ಎಂಜಿನ್ನಿನದ್ದು ಬರೀ 60 ಕುದುರೆ ಬಲ. ಇವತ್ತಿನ ಸಣ್ಣ ಕಾರಿಗೂ ಅಷ್ಟಿರುತ್ತದೆ. ಶಕ್ತಿ ಇರುವುದು ಗೇರಿನಲ್ಲಿ.

ಲೆಕ್ಕ ಸುಲಭ, ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೂ ಅರ್ಥವಾಗುತ್ತದೆ. ಸಿಜೆ-3ಬಿ ಜೀಪಿನ ಮೂರು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರು ಸುಮಾರು 2.8. ಅದರ ಹಿಂದಿರುವ ಇನ್ನೊಂದು ಪೆಟ್ಟಿಗೆಯಲ್ಲಿ 'ಲೋ' ಹಾಕಿದರೆ 2.46. ಹೌಸಿಂಗಿನ ಒಳಗಿನ ಕ್ರೌನ್-ಪಿನಿಯನ್ 5.38. ಮೂರನ್ನೂ ಗುಣಿಸಿ. ಸುಮಾರು 37 ಬರುತ್ತದೆ. ಅಂದರೆ ಎಂಜಿನ್ 37 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಜೀಪು ಗಂಟೆಗೆ ಐದಾರು ಕಿಲೋಮೀಟರ್ ಹೋಗುತ್ತದೆ, ಆಳು ನಡೆದಷ್ಟೇ ವೇಗ. ಆದರೆ ಆ ಎಳೆತ ಗೋಡೆಯನ್ನೂ ಹತ್ತುವಂಥದ್ದು.

ಈ ಲೆಕ್ಕ ತಿಳಿದವನಿಗೆ ಜೀಪು ಓಡಿಸುವುದೂ ತಿಳಿಯುತ್ತದೆ, ರಿಪೇರಿ ಮಾಡುವುದೂ ತಿಳಿಯುತ್ತದೆ. ಜಾರಿನಲ್ಲಿ ಆಕ್ಸಿಲರೇಟರ್ ತುಳಿದು ಕೆಸರು ಹಾರಿಸುವವನಿಗೆ ಈ ಲೆಕ್ಕ ಗೊತ್ತಿಲ್ಲ. ಫೋರ್ ವೀಲು, ಲೋ, ಮೊದಲ ಗೇರು ಹಾಕಿ, ಕಾಲು ತೆಗೆದು, ಜೀಪು ತಾನೇ ನಡೆಯಲಿ ಅಂತ ಬಿಡುವವನಿಗೆ ಗೊತ್ತಿದೆ. ಟಾರು ರಸ್ತೆಗೆ ಬಂದ ಕೂಡಲೇ ಫೋರ್ ವೀಲು ತೆಗೆಯುವವನಿಗೂ ಗೊತ್ತಿದೆ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ದೂರ ಹೋಗುವುದಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರುವುದಿಲ್ಲ. ಆಗ ಮುರಿಯುವುದು ಗೇರಿನ ಹಲ್ಲು, ಖಾಲಿಯಾಗುವುದು ಯಜಮಾನರ ಜೇಬು.

ಬಿಚ್ಚಿದ ಮೇಲೆ ಮೊದಲು ಏನು?

ಹಳೇ ಜೀಪು ಬಿಚ್ಚಿದ ಹುಡುಗರು ಮೊದಲು ಕೇಳುವುದು, "ಯಾವ ಬಣ್ಣ ಹೊಡೆಸೋಣ?" ಎಂದು. ಒಳ್ಳೆ ಮೇಸ್ತ್ರಿ ಅದಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಚಕ್ರ ಬಿಚ್ಚಿ ಡ್ರಮ್ಮು ತೆಗೆದು ನೋಡುತ್ತಾನೆ.

ಹಳೇ ವಿಲ್ಲೀಸ್ ಜೀಪಿನ ಬ್ರೇಕ್ ಡ್ರಮ್ಮು 9 ಅಂಗುಲದ್ದು. ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಎಣ್ಣೆಯ ದಾರಿ. ಈಗಿನ ಕಾರುಗಳಲ್ಲಿ ಎರಡು ದಾರಿ ಇರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಹಳೇ ಜೀಪಿನಲ್ಲಿ ಒಂದು ರಬ್ಬರ್ ಪೈಪು ಒಡೆಯಿತೋ, ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೆ ಹೋಯಿತು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹೋದರೆ ಏನಾಗುತ್ತದೆ ಅಂತ ಬರೆಯಬೇಕಾಗಿಲ್ಲ.

ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಕೇಳಬೇಕೇ? ನೀರು ಸೇರಿದ ಎಣ್ಣೆ, ಇಳಿಜಾರಿನಲ್ಲಿ ಬ್ರೇಕು ಬಿಸಿಯಾದಾಗ ಕುದಿಯುತ್ತದೆ, ಗುಳ್ಳೆ ಏಳುತ್ತದೆ, ಪೆಡಲು ಹತ್ತಿಯ ಹಾಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಿ ಅಂದರೆ, "ಕಮ್ಮಿ ಆಗಿಲ್ವಲ್ಲ ಸಾರ್, ಯಾಕೆ ಬದಲಾಯಿಸೋದು?" ಅನ್ನುತ್ತಾರೆ. ಕಮ್ಮಿಯಾಗಲು ಅದೇನು ಹಾಲೇ?

ಹ್ಯಾಂಡ್ ಬ್ರೇಕಿನ ಕಥೆ ಇನ್ನೂ ಮುಖ್ಯ. ಕಾರಿನಲ್ಲಿ ಹ್ಯಾಂಡ್ ಬ್ರೇಕು ಹಿಂದಿನ ಚಕ್ರಗಳನ್ನ ಹಿಡಿಯುತ್ತದೆ. ಹಳೇ ಜೀಪಿನಲ್ಲಿ ಅದು ಹಿಡಿಯುವುದು ಗೇರು ಪೆಟ್ಟಿಗೆಯ ಹಿಂದಿನ ಪ್ರೊಪೆಲರ್ ಶಾಫ್ಟನ್ನ. ಇದರಿಂದ ಏನಾಗುತ್ತದೆ? ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಪಂಕ್ಚರ್ ಹಾಕಲು ಹಿಂದಿನ ಒಂದು ಚಕ್ರವನ್ನ ಜಾಕಿನಿಂದ ಎತ್ತಿದಿರಿ ಎನ್ನಿ. ಶಾಫ್ಟು ಲಾಕಾಗಿದ್ದರೂ, ಎತ್ತಿದ ಚಕ್ರ ಹಿಂದಕ್ಕೆ ತಿರುಗಿ, ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳಬಹುದು. ಡಿಫರೆನ್ಷಿಯಲ್ಲಿನ ಗುಣವೇ ಅದು. ಜೀಪು ಜಾಕಿನಿಂದ ಜಾರಿ ಹೊರಟೇ ಹೋಗುತ್ತದೆ. ಆದ್ದರಿಂದ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡದೆ ಜೀಪು ಎತ್ತಬಾರದು. ಹಳೇ ಡ್ರೈವರುಗಳು ಸೀಟಿನ ಕೆಳಗೆ ಎರಡು ಮರದ ತುಂಡು ಇಟ್ಟುಕೊಳ್ಳುತ್ತಿದ್ದದ್ದು ಸೌದೆಗಲ್ಲ.

ಇದಾದ ಮೇಲೆ ಸ್ಟೇರಿಂಗು. ಡ್ರ್ಯಾಗ್ ಲಿಂಕು, ಬೆಲ್ ಕ್ರ್ಯಾಂಕು, ಟೈ ರಾಡಿನ ತುದಿಗಳು, ಕಿಂಗ್‌ಪಿನ್ ಬೇರಿಂಗು, ಒಂದೊಂದರಲ್ಲೂ ಕೂದಲೆಳೆ ಆಟ ಸೇರಿ ಸ್ಟೇರಿಂಗಿನಲ್ಲಿ ಅರ್ಧ ಅಡಿ ಆಟವಾಗುತ್ತದೆ. ಒಂದು ಗುಂಡಿ ಹಾರಿದ ಕೂಡಲೇ ಮುಂದಿನ ಚಕ್ರಗಳು ದೆವ್ವ ಹಿಡಿದ ಹಾಗೆ ಅಲುಗಾಡಲು ಶುರುವಾದರೆ, ಪೂಜೆ ಮಾಡಿಸಬೇಡಿ, ಕಿಂಗ್‌ಪಿನ್ ನೋಡಿಸಿ.

ಮೂರನೆಯದು ಚಾಸಿ. ತೋಟದ ಜೀಪಿನ ಚಾಸಿ ಒಳಗೆ ವರ್ಷಗಟ್ಟಲೆ ಕೆಸರು ಕೂತು ಒಳಗಿನಿಂದ ತುಕ್ಕು ತಿಂದಿರುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಸುತ್ತಿಗೆಯಿಂದ ತಟ್ಟಿ ನೋಡಬೇಕು. ಟಣ್ ಅಂದರೆ ಕಬ್ಬಿಣ, ಡಬ್ ಅಂದರೆ ತುಕ್ಕು. ವೆಲ್ಡಿಂಗ್ ಮಾಡಿಸುವ ಮುಂಚೆ ಇನ್ನೊಂದು ಮಾತು. ಹಳೇ ವಿಲ್ಲೀಸಿನಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಕೆಳಗೇ! ಟ್ಯಾಂಕು ಇಳಿಸದೆ, ಬ್ಯಾಟರಿ ತಂತಿ ಬಿಚ್ಚದೆ ಕಿಡಿ ಹಚ್ಚುವವರು ತಮ್ಮ ಚಿತೆಗೆ ತಾವೇ ಕಿಡಿ ಹಚ್ಚಿಕೊಂಡ ಹಾಗೆ.

ಹಳ್ಳ ದಾಟುವವರು ಪ್ರತಿ ಸಲ ಹೌಸಿಂಗಿನ ಎಣ್ಣೆ ನೋಡಬೇಕು. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲು ಸವೆದಿದ್ದರೆ ನೀರನ್ನ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಚಿಕ್ಕಮಗಳೂರಿನವರಿಗೆ ಆ ಬಣ್ಣ ಗುರುತಿಸಲು ಕಷ್ಟವಿಲ್ಲ.

ಇಷ್ಟೆಲ್ಲ ಆದ ಮೇಲೆ ಬಣ್ಣ.

ದೊಡ್ಡ ಟಯರಿನ ದೊಡ್ಡಸ್ತಿಕೆ

ಎರಡನೇ ಜಾತಿಯವರು ಇದನ್ನೆಲ್ಲ ಬಿಟ್ಟು ನೇರ ಟಯರ್ ಅಂಗಡಿಗೆ ಹೋಗುತ್ತಾರೆ. ಮೂಲದ 6.00-16 ಟಯರಿನ ಎತ್ತರ ಸುಮಾರು 28ರಿಂದ 29 ಅಂಗುಲ. ಅದನ್ನ ತೆಗೆದು 31 ಅಂಗುಲದ್ದು ಹಾಕುತ್ತಾರೆ. ನೋಡಲು ಭರ್ಜರಿ, ಒಪ್ಪೋಣ. ಆದರೆ ಲೆಕ್ಕ?

ಟಯರು ಸುಮಾರು ಶೇಕಡ 9ರಷ್ಟು ದೊಡ್ಡದಾಯಿತು. ಮೇಲೆ ಹೇಳಿದ ಎಳೆತ ಅಷ್ಟು ಕಮ್ಮಿಯಾಯಿತು. ಗಾಡಿ ನಿಲ್ಲಿಸಲು ಅದೇ 9 ಅಂಗುಲದ ಡ್ರಮ್ಮು ಅಷ್ಟು ಹೆಚ್ಚು ಬಲ ಹಾಕಬೇಕಾಯಿತು. ಸ್ಪೀಡೋಮೀಟರು ಸುಳ್ಳು ಹೇಳಲು ಶುರುಮಾಡಿತು. ಮುಳ್ಳು 60 ಎಂದಾಗ ಗಾಡಿ ಓಡುತ್ತಿರುವುದು ಸುಮಾರು 65. ಹೆಚ್ಚು ವೇಗ, ಕಮ್ಮಿ ಬ್ರೇಕು!

ಆ ಟಯರು ಒಳಗೆ ಹಿಡಿಸಲು ಪಾಟಾ ಎತ್ತರಿಸುತ್ತಾರೆ. ಹಳೇ ಜೀಪಿನ ಎಡ-ಬಲ ಚಕ್ರಗಳ ನಡುವಿನ ಅಂತರ ಸುಮಾರು 48 ಅಂಗುಲ, ಹಿಂದು-ಮುಂದಿನ ಅಂತರ 80 ಅಂಗುಲ. ಇಷ್ಟು ಕಿರಿದಾದ ಗಾಡಿಯನ್ನ ಮೇಲೆತ್ತಿದರೆ ತಿರುವಿನಲ್ಲಿ ಮಗುಚುವುದು ಸುಲಭವಾಗುತ್ತದೆ. ಪ್ರೊಪೆಲರ್ ಶಾಫ್ಟಿನ ಕೋನ ಕೆಟ್ಟು ಕ್ರಾಸು ಬೇಗ ಸವೆಯುತ್ತದೆ. ಮೇಲೆ ಸಾಲು ಲೈಟು ಬೇರೆ. ರಿಲೇ ಇಲ್ಲ, ಫ್ಯೂಸ್ ಇಲ್ಲ, ಸ್ವಿಚ್ಚಿಗೆ ನೇರ ತಂತಿ. ಎದುರು ಬರುವ ಬಸ್ಸಿನ ಡ್ರೈವರಿಗೆ ಕಣ್ಣು ಹೋಯಿತು, ತಂತಿ ಕಾದರೆ ಜೀಪೂ ಹೋಯಿತು.

ಹಾಗಂತ ಮಾರ್ಪಾಡೇ ಬೇಡ ಎನ್ನುವುದು ಈ ಅಂಕಣದ ಅಭಿಪ್ರಾಯವಲ್ಲ. ಮೂಲ ಜೀಪಿನಲ್ಲಿ ಸೀಟ್ ಬೆಲ್ಟೇ ಇಲ್ಲ, ತಲೆಯ ಮೇಲೆ ಬರೀ ಕ್ಯಾನ್ವಾಸು. ಗಟ್ಟಿ ಬೆಲ್ಟು ಹಾಕಿಸುವುದು ಜೀವ ಉಳಿಸುವ ಕೆಲಸ. ಮುಂದಿನ ಚಕ್ರಕ್ಕೆ ಲಾಕಿಂಗ್ ಹಬ್ಬು ಹಾಕಿದರೆ ಟಾರು ರಸ್ತೆಯಲ್ಲಿ ಮುಂದಿನ ಶಾಫ್ಟು ಸುಮ್ಮನೆ ತಿರುಗಿ ಸವೆಯುವುದು ತಪ್ಪುತ್ತದೆ. ಏನು ಬದಲಾಯಿಸಿದರೂ, ಯಾಕೆ ಅಂತ ಉತ್ತರ ಇರಬೇಕು. 'ಚೆನ್ನಾಗಿ ಕಾಣುತ್ತೆ' ಅನ್ನುವುದೊಂದೇ ಉತ್ತರವಾದರೆ ಕೈ ಬಿಡಿ.

ಕಾನೂನು ಏನು ಹೇಳುತ್ತದೆ?

ಇಲ್ಲಿಂದ ಮುಂದೆ ಶೆಡ್ಡಿನವರು, ರಸ್ತೆಯವರು ಇಬ್ಬರೂ ಕಿವಿಗೊಟ್ಟು ಕೇಳಬೇಕು.

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಗಾಡಿ ಮಾರ್ಪಾಡಿನದ್ದು. ಮುಂಚೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆದು ಬದಲಾಯಿಸುವ ದಾರಿ ಇತ್ತು. ಆಗ ಎಂಜಿನ್ ಬದಲಾವಣೆಯನ್ನ ಆರ್‌ಸಿಯಲ್ಲಿ ಬರೆಸಿಕೊಂಡವರ ಕೈಯಲ್ಲಿ ಕಾಗದವಾದರೂ ಇದೆ. 2000ದ ತಿದ್ದುಪಡಿ ಆ ದಾರಿಯನ್ನ ಕಿರಿದು ಮಾಡಿತು. ಕಂಪನಿಯವರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸಕೂಡದು ಅಂತಾಯಿತು. ಗ್ಯಾಸು, ಬ್ಯಾಟರಿಯಂಥ ಒಪ್ಪಿತ ಕಿಟ್ಟಿಗೆ, ಮತ್ತು ಅನುಮತಿ ಪಡೆದು ಅದೇ ಮಾದರಿಯ ಎಂಜಿನ್ ಕೂರಿಸುವುದಕ್ಕೆ ಅವಕಾಶ ಉಳಿಯಿತು.

ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು. ಕಾನೂನಿಗೆ ಒಪ್ಪದ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಮಂತ್ರಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಭಾರಿ ಬಂಪರು ಮೆರೆಸುವವರು ಕೈಬೆರಳಲ್ಲಿ ಎಣಿಸಿ ನೋಡಲಿ, ಎಷ್ಟು ಐದು ಸಾವಿರ ಆಯಿತು ಅಂತ.

ಇದು ಮೆರೆಯುವವರ ಕಥೆಯಾಯಿತು. ತೋಟದ ಯಜಮಾನರ ಕಥೆ ಬೇರೆ. ಅವರಪ್ಪ ಪೆಟ್ರೋಲ್ ವಿಲ್ಲೀಸ್ ಕೊಂಡಿದ್ದರು. ಪೆಟ್ರೋಲ್ ಹಾಕಿ ಪೂರೈಸದೆ ಮ್ಯಾಟಡೋರ್ ವ್ಯಾನಿನದ್ದೋ, ಇನ್ಯಾವುದರದ್ದೋ ಡೀಸೆಲ್ ಎಂಜಿನ್ ಕೂರಿಸಿದರು. ಮಲೆನಾಡಿನಲ್ಲಿ ಇದು ಕದ್ದು ಮಾಡಿದ ಕೆಲಸವಲ್ಲ, ಊರಿಗೆ ಊರೇ ಮಾಡಿದ ಕೆಲಸ. ಆರ್‌ಸಿಯಲ್ಲಿ ಇನ್ನೂ ಪೆಟ್ರೋಲ್ ಅಂತಲೇ ಇದೆ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಗಾಡಿ ತೋರಿಸಿದರೆ ಎಂಜಿನ್ ಸಿಕ್ಕಿಬೀಳುತ್ತದೆ, ತೋರಿಸದಿದ್ದರೆ ಕಾಗದ ಸಾಯುತ್ತದೆ. 2022ರ ಏಪ್ರಿಲ್‌ನಲ್ಲಿ ಕಾರು-ಜೀಪಿನ ನವೀಕರಣ ಶುಲ್ಕ 600ರಿಂದ 5000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವುಗಳಿಗೆ 10,000 ಆಯಿತು. ಕಾಗದ ಸತ್ತ ಜೀಪಿಗೆ ವಿಮೆ ಸಿಗುವುದಿಲ್ಲ. ವಿಮೆ ಇಲ್ಲದ ಜೀಪಿನಲ್ಲಿ ಆಳುಗಳನ್ನ ತುಂಬಿಕೊಂಡು ಹೋಗಿ ಮಗುಚಿದರೆ ಪರಿಹಾರ ಕೊಡುವವರು ಯಾರು? ತೋಟ ಮಾರಬೇಕಾಗುತ್ತದೆ. ಆಳಿನ ಹೆಂಡತಿ ಮಕ್ಕಳಂತೂ ಕೋರ್ಟಿನ ಮೆಟ್ಟಿಲ ಮೇಲೇ ಮುದುಕರಾಗಬೇಕಾಗುತ್ತದೆ.

ಇನ್ನೊಂದು ಬಾಗಿಲು 2021ರ ಜುಲೈನಲ್ಲಿ ತೆರೆಯಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗಳನ್ನ ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5000 ಶುಲ್ಕ. ಆದರೆ ಷರತ್ತು ಕೇಳಿ: ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ಹಾಕಿಸುವುದು, ಇಷ್ಟಕ್ಕೇ ರಸ್ತೆ. ಡೀಸೆಲ್ ಎಂಜಿನ್ ಕೂರಿಸಿದ ತೋಟದ ವಿಲ್ಲೀಸ್ ಇಲ್ಲೂ ಸಲ್ಲುವುದಿಲ್ಲ, ಅಲ್ಲೂ ಸಲ್ಲುವುದಿಲ್ಲ.

ಆದ್ದರಿಂದ ಹವ್ಯಾಸಿಗಳಿಗೆ ಒಂದು ಕಿವಿಮಾತು. ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಪೆಟ್ರೋಲ್ ಎಂಜಿನ್ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನಂಬರ್ ಕೊರೆದ ಆ ಕಬ್ಬಿಣದ ತುಂಡೇ ನಾಳೆ ನಿಮ್ಮ ಜೀಪಿನ ಜಾತಕ. ಅದನ್ನ ರಿಪೇರಿ ಮಾಡಿ ಮತ್ತೆ ಕೂರಿಸುವುದೇ ಇವತ್ತು ಅತ್ಯಂತ ಬುದ್ಧಿವಂತ ಮಾರ್ಪಾಡು.

ಉತ್ತರದಿಂದ ಬರುವ ಜೀಪು

ಹರಿಯಾಣದ ಸಿರ್ಸಾ ಜಿಲ್ಲೆಯಲ್ಲಿ, ಪಂಜಾಬಿನ ಗಡಿಗೆ ತಾಗಿ, ಮಂಡಿ ದಬವಾಲಿ ಎಂಬ ಊರಿದೆ. ಜೀಪು ಕಟ್ಟುವುದೇ ಆ ಊರಿನ ಹೆಸರುವಾಸಿ ಕಸುಬು. ನಮಗೆ ಬೇಕಾದ ಬಣ್ಣ, ಬೇಕಾದ ಟಯರು, ಬೇಕಾದ ಎಂಜಿನ್ ಹೇಳಿದರೆ ಹೊಸ ಬಾಡಿಯ ಜೀಪು ತಯಾರು. ಫೋನಿನಲ್ಲಿ ಫೋಟೋ ನೋಡಿ ನಮ್ಮ ಕಡೆಯ ಹುಡುಗರೂ ದುಡ್ಡು ಕಳಿಸುತ್ತಾರೆ. ಅಲ್ಲಿನ ಕೈಕಸುಬನ್ನ ಈ ವರದಿಗಾರ ಜರಿಯುವುದಿಲ್ಲ. ಆದರೆ ಲಾರಿಯಿಂದ ಇಳಿಯುವುದು ಜೀಪು ಮಾತ್ರವಲ್ಲ, ಕಾಗದವೂ ಇಳಿಯಬೇಕು. ಚಾಸಿ ನಂಬರು, ಎಂಜಿನ್ ನಂಬರು, ಆರ್‌ಸಿ ಮೂರೂ ತಾಳೆಯಾಗದಿದ್ದರೆ, ಬೇರೆ ರಾಜ್ಯದ ಆಕ್ಷೇಪಣೆ ಇಲ್ಲದ ಪತ್ರ ಇಲ್ಲದಿದ್ದರೆ, ನೀವು ಕೊಂಡದ್ದು ಜೀಪಲ್ಲ, ಜೀಪಿನ ಆಕಾರದ ತಲೆನೋವು. ದುಡ್ಡು ಕೊಡುವ ಮುಂಚೆ ನಂಬರಿನ ಗುರುತು ಪೆನ್ಸಿಲ್ಲಿನಲ್ಲಿ ಉಜ್ಜಿ ತರಿಸಿಕೊಂಡು ತಾಳೆ ನೋಡಿ.

ಗುಡ್ಡದ ಹುಲ್ಲು ಯಾರಪ್ಪನದು?

ಇನ್ನೊಂದು ವಿಷಯ ಹೇಳದಿದ್ದರೆ ಈ ಲೇಖನ ಪೂರ್ತಿಯಾಗುವುದಿಲ್ಲ. ಜೀಪು ಸಿದ್ಧವಾದ ಮೇಲೆ ಅದನ್ನ ಪರೀಕ್ಷೆ ಮಾಡಲು ಕೆಲವರು ಹೋಗುವುದು ಗುಡ್ಡದ ಮೇಲಿನ ಹುಲ್ಲುಗಾವಲಿಗೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲು, ಆ ಕಡೆ ಕುದುರೆಮುಖ, ಇಲ್ಲೆಲ್ಲ ಹುಲ್ಲು ಮತ್ತು ಶೋಲಾ ಕಾಡು ಸೇರಿ ಮಳೆನೀರನ್ನ ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡುತ್ತವೆ. ತುಂಗೆ, ಭದ್ರೆ, ಹೇಮಾವತಿ ಹುಟ್ಟುವುದು ಇದೇ ಜಿಲ್ಲೆಯ ಬೆಟ್ಟಗಳಲ್ಲಿ.

ಆ ಹುಲ್ಲಿನ ಮೇಲೆ ಮುಳ್ಳು ಟಯರಿನ ಜೀಪು ನಾಲ್ಕು ಸಲ ಹತ್ತಿದರೆ ಎರಡು ಗೆರೆ ಬೀಳುತ್ತವೆ. ಒಂದು ಮಳೆಗಾಲದಲ್ಲಿ ಗೆರೆ ಚರಂಡಿಯಾಗುತ್ತದೆ, ಎರಡು ಮಳೆಗಾಲದಲ್ಲಿ ಕೊರಕಲು. ಮಣ್ಣೆಲ್ಲ ಕೆಳಗಿನ ತೋಟದ ಕೆರೆಗೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ, ಅದು ಬೇರೆ ಮಾತು. ಅಪರಾಧವಲ್ಲದ ಕಡೆಯೂ ಬುದ್ಧಿ ಬೇಡವೇ? ಜೀಪಿನ ತಾಕತ್ತು ನೋಡಬೇಕೆಂದಿದ್ದರೆ ಒಪ್ಪಿಗೆಯಿರುವ ಖಾಸಗಿ ತೋಟದ ಕಚ್ಚಾ ರಸ್ತೆ ಇದೆ. ಕೊಯ್ಲಿನ ಕಾಲದಲ್ಲಿ ಹೋಗಿ ನಾಲ್ಕು ಮೂಟೆ ಹೊತ್ತು ಕೊಟ್ಟರೆ ಪರೀಕ್ಷೆಯೂ ಆಯಿತು, ಪುಣ್ಯವೂ ಬಂತು.

ಮೇಸ್ತ್ರಿಗಳು ಎಲ್ಲಿ?

ಕೊನೆಗೆ ಕೈಕಸುಬಿನ ಮಾತು. ಮೂಡಿಗೆರೆ, ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಎಲ್ಲ ಪೇಟೆಯಲ್ಲೂ ಜೀಪಿನ ಮೇಸ್ತ್ರಿಗಳಿದ್ದರು. ಶಬ್ದ ಕೇಳಿಯೇ ಯಾವ ಬೇರಿಂಗು ಎನ್ನುವವರು. ಕ್ರೌನ್-ಪಿನಿಯನ್ ಕೂರಿಸುವಾಗ ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಬಣ್ಣ ಎಲ್ಲಿ ಅಳಿಸಿತು ಅಂತ ನೋಡಿ ಕಾಗದದಷ್ಟು ತೆಳ್ಳನೆಯ ಶಿಮ್ಮು ಹಾಕುವವರು. ಇದು ಪುಸ್ತಕ ಓದಿ ಒಂದೇ ದಿನದಲ್ಲಿ ಬರುವ ವಿದ್ಯೆಯಲ್ಲ. ಇವತ್ತು ಗ್ಯಾರೇಜಿಗೆ ಸೇರುವ ಹುಡುಗ ಕಂಪ್ಯೂಟರ್ ಚುಚ್ಚಿ ದೋಷ ಓದುವುದನ್ನ ಕಲಿಯುತ್ತಾನೆ. ಅದೂ ಬೇಕು, ತಪ್ಪಲ್ಲ. ಆದರೆ ಚುಚ್ಚಲು ಜಾಗವೇ ಇಲ್ಲದ ಜೀಪು ಬಂದರೆ ಕೈ ಚೆಲ್ಲುತ್ತಾನೆ.

ಹಾಗಾಗಿ ಭಾನುವಾರದ ಹವ್ಯಾಸಿಗಳ ಮೇಲೆ ಈಗ ಒಂದು ಜವಾಬ್ದಾರಿ ಬಿದ್ದಿದೆ. ಮೇಸ್ತ್ರಿಗೆ ಬರೀ ಕೂಲಿ ಕೊಟ್ಟು ಹೋಗಬೇಡಿ. ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಯಾವ ನಟ್ಟು ಎಷ್ಟು ಬಿಗಿ, ಯಾವ ಬೇರಿಂಗಿಗೆ ಯಾವ ನಂಬರು, ಯಾವ ಸೀಲು ಯಾವ ಗಾಡಿಯದ್ದು ಹೊಂದುತ್ತದೆ. ಆ ಮುದುಕನ ತಲೆಯಲ್ಲಿರುವುದು ಬೇರೆ ಎಲ್ಲೂ ಇಲ್ಲ.

ಸಾರಿಗೆ ಇಲಾಖೆಗೂ ಒಂದು ಮನವಿ. ಕಾನೂನು ಬದಲಾಯಿಸುವುದು ಜಿಲ್ಲಾ ಕಚೇರಿಯ ಕೈಯಲ್ಲಿಲ್ಲ, ನಿಜ. ಆದರೆ ತಿಳಿಸಿ ಹೇಳುವುದು ಕೈಯಲ್ಲಿದೆ. ತಿಂಗಳಿಗೊಂದು ದಿನ, ತಾಲೂಕಿಗೊಂದು ಕಡೆ, ಹಳೇ ಗಾಡಿಗಳ ಕಾಗದ ನೋಡಿ ಏನು ಸರಿ, ಏನು ತಪ್ಪು, ಯಾವ ಅರ್ಜಿ ಎಂದು ಹೇಳುವ ಶಿಬಿರ ನಡೆಸಬಹುದು. ದಲ್ಲಾಳಿಯ ಬಾಯಿಂದ ಕಾನೂನು ಕೇಳುವ ದುರ್ಗತಿ ರೈತರಿಗೆ ತಪ್ಪುತ್ತದೆ. ಬ್ರೇಕು ಹಿಡಿಯುತ್ತದೋ ಇಲ್ಲವೋ ಅಂತ ಅಲ್ಲೇ ಒಂದು ಪುಕ್ಕಟೆ ಪರೀಕ್ಷೆಯನ್ನೂ ಇಡಬಹುದು. ದಂಡ ಹಾಕಲು ಆಮೇಲೆ ಬೇಕಾದಷ್ಟು ದಿನ ಇದೆ.

ಸಂಬಂಧಪಟ್ಟವರು ಗಮನಿಸುವರೇ? ಸಂಬಂಧಪಟ್ಟವರು ಎಂದರೆ ಬರೀ ಸಾಹೇಬರಲ್ಲ. ಈ ಭಾನುವಾರ ಜೀಪಿನ ಕೆಳಗೆ ಮಲಗುವ ಎಲ್ಲರೂ ಸಂಬಂಧಪಟ್ಟವರೇ. ಮೊದಲು ಚಕ್ರಕ್ಕೆ ಕಲ್ಲು ಕೊಡಿ. ಆಮೇಲೆ ಡ್ರಮ್ಮು ಬಿಚ್ಚಿ ನೋಡಿ.